‘ಅಪ್ಪನ ಮ್ಯಾಲ ಪ್ರಯೋಗ ಮಾಡ್ಲಿಕತ್ತಾರ’: ಐಸಿಯು ಬಾಗಿಲಲ್ಲಿ ಹಾಕಿದ ಒಂದು ಸಹಿ

ಪ್ರಶ್ನೆ: ನಾನು ಸೇಡಂ ತಾಲೂಕಿನ ಒಂದು ಹಳ್ಳಿಯವನು, ಪ್ರಾಥಮಿಕ ಶಾಲೆಯ ಶಿಕ್ಷಕ. ನಮ್ಮ ತಂದೆಗೆ 62 ವರ್ಷ, ತೊಗರಿ ಬೆಳೆಯುತ್ತಾರೆ. ನಾಲ್ಕು ದಿನ ಜ್ವರ, ಕೆಮ್ಮು ಇತ್ತು. ಊರಲ್ಲೇ ಎರಡು ಬಾಟ್ಲಿ ಸಲೈನ್ ಹಚ್ಚಿಸಿದೆವು. ಐದನೇ ದಿನ ಉಸಿರಾಡಲು ಕಷ್ಟವಾಗಿ ಕಲಬುರಗಿಯ ದವಾಖಾನೆಗೆ ತಂದೆವು. ನ್ಯುಮೋನಿಯಾ ಜೋರಾಗಿದೆ ಎಂದು ಅವತ್ತೇ ರಾತ್ರಿ ವೆಂಟಿಲೇಟರ್ ಹಾಕಿದರು. ಸ್ವಲ್ಪ ಹೊತ್ತಿಗೆ ಒಬ್ಬ ಸಣ್ಣ ವಯಸ್ಸಿನ ಡಾಕ್ಟರ್ ಬಂದು, ಎರಡು ಬಗೆಯ ಸಲೈನ್ ಹೋಲಿಸಿ ನೋಡುವ ಅಧ್ಯಯನ ನಡೆದಿದೆ, ನಿಮ್ಮ ತಂದೆಯವರನ್ನೂ ಸೇರಿಸಬಹುದಾ ಎಂದು ಕೇಳಿದರು. ಯಾರಿಗೆ ಯಾವುದು ಅಂತ ಕಂಪ್ಯೂಟರ್ ಆರಿಸುತ್ತದಂತೆ. ನಾನು ಸಹಿ ಮಾಡಿದೆ. ಮರುದಿನ ಕಾಕಾ ಬಂದು ಸಿಟ್ಟಾದರು. ‘ನಿಮ್ಮಪ್ಪನ ಮ್ಯಾಲ ಪ್ರಯೋಗ ಮಾಡ್ಲಿಕತ್ತಾರ, ಬಡವರು ಅಂದ್ರ ಇವರಿಗೆ ಇಲಿ ಇದ್ದಂಗ, ನೀ ಯಾಕ ಸಹಿ ಹಾಕ್ದಿ’ ಅಂದರು. ಲ್ಯಾಬಿನಲ್ಲಿ ಕೆಲಸ ಮಾಡುವ ನಮ್ಮ ಸಂಬಂಧಿಯೊಬ್ಬ ಒಳಗೆ ಹೋಗಿ ಬಂದು, ಮಷಿನ್ ಮೇಲೆ 370 ಅಂತ ಬರುತ್ತಿದೆ, ಒಂದು ಉಸಿರಿಗೆ 500 ಬೇಕು, ಗಾಳಿ ಕಡಿಮೆ ಬಿಟ್ಟಿದ್ದಾರೆ ಅಂದ. ಮೂರನೇ ದಿನ ನೋಡಿದರೆ ಅಪ್ಪನನ್ನು ಬೋರಲಾಗಿ ಮಲಗಿಸಿದ್ದರು. ಇದೂ ಪ್ರಯೋಗವಾ? ಕಾಕಾ ಹೈದರಾಬಾದಿಗೆ ಒಯ್ಯೋಣ ಅನ್ನುತ್ತಾರೆ. ನಾನು ಸಹಿ ಹಿಂದೆ ತೆಗೆದುಕೊಂಡರೆ ಚಿಕಿತ್ಸೆ ನಿಲ್ಲಿಸುತ್ತಾರಾ? ನಾನು ತಪ್ಪು ಮಾಡಿದೆನಾ? (ಹೆಸರು ಬೇಡ ಎಂದಿದ್ದಾರೆ)

ಉತ್ತರ: ನಿಮ್ಮ ಪತ್ರ ತಲುಪಿದ ದಿನವೇ ಫೋನಿನಲ್ಲಿ ಎರಡು ಮಾತು ಹೇಳಿದ್ದೆ. ಒಂದು, ಸಹಿ ಯಾವಾಗ ಬೇಕಾದರೂ ಹಿಂದೆ ತೆಗೆದುಕೊಳ್ಳಬಹುದು. ಚಿಕಿತ್ಸೆ ನಿಲ್ಲಿಸುವಂತಿಲ್ಲ. ಎರಡು, ಅವಸರದಲ್ಲಿ ಹೈದರಾಬಾದಿಗೆ ಗಾಡಿ ಹೇಳಬೇಡಿ. ಉಳಿದದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಯಾಕೆಂದರೆ ನಿಮ್ಮ ಕಾಕಾ ಕೇಳಿದ ಮಾತನ್ನು ನಾನು ಈ ಭಾಗದ ಐಸಿಯು ಬಾಗಿಲಲ್ಲಿ ವರ್ಷಗಟ್ಟಲೆ ಕೇಳುತ್ತಾ ಬಂದಿದ್ದೇನೆ. ಬೀದರಿನವರೂ ಕೇಳುತ್ತಾರೆ, ಯಾದಗಿರಿಯವರೂ ಕೇಳುತ್ತಾರೆ. ನಿಮ್ಮ ತಂದೆಯವರನ್ನು ನಾನು ನೋಡಿಲ್ಲ, ಅವರ ಕೇಸ್ ಶೀಟ್ ನನ್ನ ಕೈಯಲ್ಲಿಲ್ಲ. ಆದ್ದರಿಂದ ಅವರ ಬಗ್ಗೆ ಕೊನೆಯ ಮಾತು ಅಲ್ಲಿನ ಡಾಕ್ಟರದ್ದೇ.

ನಿಮ್ಮ ಪತ್ರದಲ್ಲಿ ಮೂರು ಭಯಗಳು ಒಂದಕ್ಕೊಂದು ಗಂಟು ಬಿದ್ದಿವೆ. 370, ಬೋರಲು ಮಲಗಿಸಿದ್ದು, ಸಲೈನ್. ಇವುಗಳಲ್ಲಿ ಮೊದಲ ಎರಡು ಪ್ರಯೋಗವೇ ಅಲ್ಲ. ಪ್ರಯೋಗ ಯಾವತ್ತೋ ಮುಗಿದು, ಈಗ ಅದೇ ಸರಿಯಾದ ಚಿಕಿತ್ಸೆ ಅಂತ ಆಗಿದೆ. ಮೂರನೆಯದು ಮಾತ್ರ ನೀವು ಸಹಿ ಮಾಡಿದ ವಿಷಯ.

370ರಿಂದ ಶುರು ಮಾಡೋಣ. ನಿಮ್ಮ ಸಂಬಂಧಿ ಪೂರ್ತಿ ತಪ್ಪು ಹೇಳಿಲ್ಲ. ಆರೋಗ್ಯವಾಗಿರುವ ಗಂಡಸು ಸುಮ್ಮನೆ ಕೂತಾಗ ಒಂದು ಉಸಿರಿಗೆ ಸುಮಾರು 500 ಮಿಲಿ ಗಾಳಿ ಎಳೆದುಕೊಳ್ಳುತ್ತಾನೆ. ಹಿಂದಿನ ಕಾಲದಲ್ಲಿ ವೆಂಟಿಲೇಟರಿನಲ್ಲಿ ಇನ್ನೂ ಜಾಸ್ತಿಯೇ ಕೊಡುತ್ತಿದ್ದರು, ಒಂದು ಕೆಜಿ ತೂಕಕ್ಕೆ 10ರಿಂದ 15 ಮಿಲಿ. ಹೆಚ್ಚು ಗಾಳಿ ಕೊಟ್ಟರೆ ರಕ್ತದಲ್ಲಿ ಆಮ್ಲಜನಕ ಚೆನ್ನಾಗಿ ಕಾಣುತ್ತಿತ್ತು, ಡಾಕ್ಟರಿಗೂ ಸಮಾಧಾನ, ಮನೆಯವರಿಗೂ ಸಮಾಧಾನ. ಆದರೆ ಜೋರು ನ್ಯುಮೋನಿಯಾದಲ್ಲಿ ಎರಡೂ ಶ್ವಾಸಕೋಶ ನೀರು ತುಂಬಿ ಗಟ್ಟಿಯಾಗಿರುತ್ತವೆ. ಗಾಳಿ ಹೋಗಲು ಉಳಿದಿರುವುದು ಸಣ್ಣ ಭಾಗ. ದೊಡ್ಡವರ ಗಾಳಿಯನ್ನು ಮಗುವಿನಷ್ಟು ಜಾಗಕ್ಕೆ ತುರುಕಿದರೆ ಆ ಒಳ್ಳೆಯ ಭಾಗವೂ ಹಿಗ್ಗಿ ಹರಿಯುತ್ತದೆ. 2000ನೇ ಇಸವಿಯಲ್ಲಿ ಅಮೆರಿಕದ ಡಾಕ್ಟರುಗಳು 861 ರೋಗಿಗಳಲ್ಲಿ ಇದನ್ನು ಹೋಲಿಸಿ ನೋಡಿದರು. ಕೆಲವರಿಗೆ ಕೆಜಿಗೆ 12 ಮಿಲಿ, ಕೆಲವರಿಗೆ 6 ಮಿಲಿ. ಹೆಚ್ಚು ಗಾಳಿ ಪಡೆದವರಲ್ಲಿ ನೂರಕ್ಕೆ ಸುಮಾರು 40 ಮಂದಿ ತೀರಿಕೊಂಡರು. ಕಡಿಮೆ ಪಡೆದವರಲ್ಲಿ 31. ಔಷಧ ಅದೇ, ಮಷಿನ್ ಅದೇ. ತಿರುಗಿಸಿದ್ದು ಒಂದು ಗುಂಡಿ ಮಾತ್ರ.

ಈ ಕೆಜಿ ಲೆಕ್ಕವನ್ನು ತಕ್ಕಡಿಯಲ್ಲಿ ತೂಗಿ ಹಾಕುವುದಿಲ್ಲ, ಎತ್ತರದಿಂದ ಹಾಕುತ್ತೇವೆ. ಹೊಟ್ಟೆ ಬಂದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲವಲ್ಲ! ನಿಮ್ಮ ತಂದೆ 165 ಸೆಂಟಿಮೀಟರ್ ಎತ್ತರ ಇದ್ದಾರೆ ಅನ್ನಿ. ಲೆಕ್ಕದ ತೂಕ ಸುಮಾರು 61.5 ಕೆಜಿ ಬರುತ್ತದೆ. ಅದನ್ನು 6ರಿಂದ ಗುಣಿಸಿ. 369. ಮಷಿನ್ ಮೇಲೆ ಕಂಡದ್ದು 370. ಯಾರೋ ಟೇಪು ಹಿಡಿದು ಅವರ ಎತ್ತರ ಅಳೆದು, ಲೆಕ್ಕ ಹಾಕಿ, ಇಟ್ಟ ಸಂಖ್ಯೆ ಅದು. ನಾನಾಗಿದ್ದರೆ ಅದನ್ನು ನೋಡಿ ನೆಮ್ಮದಿ ಪಡುತ್ತಿದ್ದೆ.

ಬೋರಲು ಮಲಗಿಸುವುದನ್ನು ನೋಡಿದ ಮನೆಯವರ ಎದೆ ಒಡೆಯುವುದು ಸಹಜ. ಬಾಯಲ್ಲಿ ಪೈಪು, ಮುಖ ಊದಿರುತ್ತದೆ, ಕೈ ಒಂದು ಕಡೆ. ನಮ್ಮಲ್ಲಿ ಹೆಣವನ್ನೂ ಹಾಗೆ ಮಲಗಿಸುವುದಿಲ್ಲ ಅಂತ ಒಬ್ಬ ತಾಯಿ ನನ್ನ ಮೇಲೆ ಕೂಗಾಡಿದ್ದರು. ಕಾರಣ ಸರಳ. ಅಂಗಾತ ಮಲಗಿದಾಗ ಹೃದಯ, ಹೊಟ್ಟೆಯ ಭಾರ ಎಲ್ಲ ಬೆನ್ನಿನ ಕಡೆಯ ಶ್ವಾಸಕೋಶದ ಮೇಲೆ ಬೀಳುತ್ತದೆ. ತಿರುಗಿಸಿದಾಗ ಆ ಭಾಗ ಬಿಚ್ಚಿಕೊಳ್ಳುತ್ತದೆ. 2013ರಲ್ಲಿ ಫ್ರಾನ್ಸ್ ಮತ್ತು ಸ್ಪೇನಿನ ಐಸಿಯುಗಳಲ್ಲಿ 466 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಅಂಗಾತ ಇದ್ದವರಲ್ಲಿ 28 ದಿನಕ್ಕೆ ನೂರಕ್ಕೆ 33 ಮಂದಿ ತೀರಿಕೊಂಡಿದ್ದರು, ದಿನಕ್ಕೆ ಕನಿಷ್ಠ 16 ಗಂಟೆ ಬೋರಲು ಮಲಗಿಸಿದವರಲ್ಲಿ 16 ಮಂದಿ. ಅರ್ಧಕ್ಕೆ ಅರ್ಧ! ಇಷ್ಟು ದೊಡ್ಡ ವ್ಯತ್ಯಾಸ ಐಸಿಯುನಲ್ಲಿ ಬಹಳ ಅಪರೂಪ. ಅದಕ್ಕೆ ಹೊಸ ಮಷಿನ್ ಬೇಡ, ದುಬಾರಿ ಇಂಜೆಕ್ಷನ್ ಬೇಡ. ನಾಲ್ಕೈದು ಜನ ನರ್ಸ್, ವಾರ್ಡ್‌ಬಾಯ್ ಸೇರಿ ಪೈಪು ಕೀಳದ ಹಾಗೆ ತಿರುಗಿಸಬೇಕು, ಅಷ್ಟೇ. ಆ ‘ಅಷ್ಟೇ’ ಬಹಳ ಕಷ್ಟದ ಕೆಲಸ. ಅಪಾಯವೂ ಇದೆ. ತಿರುಗಿಸುವಾಗ ಪೈಪು ಜರುಗಬಹುದು, ಗಲ್ಲ, ಎದೆ, ಮೊಣಕಾಲಿನ ಮೇಲೆ ಒತ್ತಿ ಹುಣ್ಣಾಗಬಹುದು. ನಿಮ್ಮ ತಂದೆಯ ಗಲ್ಲದ ಮೇಲೆ ಗಾಯ ಕಂಡರೆ ಗಾಬರಿ ಬೇಡ, ಆದರೆ ನರ್ಸಿಗೆ ಹೇಳಿ.

ಇನ್ನು ಸಲೈನ್. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಯಾಕೆಂದರೆ ಸಲೈನ್ ಮೇಲೆ ನಮ್ಮ ಜನಕ್ಕೆ ಇರುವ ಭಕ್ತಿ ಸಾಮಾನ್ಯದ್ದಲ್ಲ. ಜ್ವರ ಬರಲಿ, ನಿಶ್ಶಕ್ತಿ ಆಗಲಿ, ‘ಒಂದ್ ಬಾಟ್ಲಿ ಹಚ್ರಿ ಸಾಹೇಬ್ರ’. ಹಚ್ಚದೆ ಗುಳಿಗೆ ಬರೆದುಕೊಟ್ಟವನು ಡಾಕ್ಟರೇ ಅಲ್ಲ. ಅರ್ಧ ಲೀಟರ್ ಗ್ಲೂಕೋಸ್ ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಒಂದು ಜೋಳದ ರೊಟ್ಟಿಯಲ್ಲಿ ಅದಕ್ಕಿಂತ ಜಾಸ್ತಿ ಶಕ್ತಿ ಇದೆ. ಇರಲಿ. ಈ ಭಕ್ತಿ ಹಳ್ಳಿಯವರಿಗೆ ಮಾತ್ರ ಅಂದುಕೊಳ್ಳಬೇಡಿ. ಐಸಿಯು ಡಾಕ್ಟರುಗಳಿಗೂ ಇತ್ತು. ಬಿಪಿ ಇಳಿಯಿತಾ, ಒಂದು ಲೀಟರ್ ಬಿಡಿ. ಇನ್ನೂ ಏರಲಿಲ್ಲವಾ, ಇನ್ನೊಂದು ಲೀಟರ್.

2011ರಲ್ಲಿ ಈ ನಂಬಿಕೆಗೆ ದೊಡ್ಡ ಪೆಟ್ಟು ಬಿತ್ತು. ಉಗಾಂಡಾ, ಕೀನ್ಯಾ, ತಾಂಜಾನಿಯಾ ದೇಶಗಳ ಆಸ್ಪತ್ರೆಗಳಲ್ಲಿ ಜೋರು ಜ್ವರ ಬಂದು ಕೈಕಾಲು ತಣ್ಣಗಾದ 3,141 ಮಕ್ಕಳ ಮೇಲೆ ಒಂದು ಅಧ್ಯಯನ ನಡೆಯಿತು. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮಲೇರಿಯಾ ಇತ್ತು. ಅಂಥ ಮಗುವಿಗೆ ಬೇಗಬೇಗ ಸಲೈನ್ ಏರಿಸಬೇಕು ಎಂದು ಜಗತ್ತಿನ ಪುಸ್ತಕಗಳೆಲ್ಲ ಹೇಳುತ್ತಿದ್ದವು. ಆದರೆ ಆ ಆಸ್ಪತ್ರೆಗಳಲ್ಲಿ ಹಾಗೆ ಕೊಡುವ ರೂಢಿ ಇರಲಿಲ್ಲ. ಸಲೈನ್ ಕೊಟ್ಟರೆ ಎಷ್ಟು ಮಕ್ಕಳು ಉಳಿಯುತ್ತಾರೆ ಅಂತ ತೋರಿಸಲು ಹೊರಟ ಅಧ್ಯಯನ ಅದು. ಕೆಲವು ಮಕ್ಕಳಿಗೆ ಜೋರಾಗಿ ದ್ರವ ಏರಿಸಿದರು, ಕೆಲವರಿಗೆ ನಿಧಾನವಾಗಿ ಬೇಕಾದಷ್ಟೇ. 48 ಗಂಟೆಯಲ್ಲಿ ನಿಧಾನದ ಗುಂಪಿನಲ್ಲಿ ತೀರಿಕೊಂಡವರು ನೂರಕ್ಕೆ 7.3. ಜೋರಾಗಿ ಏರಿಸಿದ ಗುಂಪಿನಲ್ಲಿ ಹತ್ತೂವರೆ. ಸುರಕ್ಷತೆ ನೋಡುವ ಸಮಿತಿ ಮಧ್ಯದಲ್ಲೇ ಅಧ್ಯಯನ ನಿಲ್ಲಿಸಿತು.

ಈ ಫಲಿತಾಂಶವನ್ನು ಮೊದಲ ಸಲ ಓದಿದ ದಿನ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ. ನಾನೂ ಜೋರಾಗಿ ಸಲೈನ್ ಬಿಟ್ಟವನೇ. ಯಾರೂ ನನ್ನಿಂದ ಸಹಿ ಕೇಳಿರಲಿಲ್ಲ, ನಾನೂ ಯಾರಿಂದಲೂ ಸಹಿ ಪಡೆದಿರಲಿಲ್ಲ. ಅದಕ್ಕೆ ಪ್ರಯೋಗ ಅಂತ ಯಾರೂ ಹೆಸರಿಟ್ಟಿರಲಿಲ್ಲ, ಚಿಕಿತ್ಸೆ ಅನ್ನುತ್ತಿದ್ದೆವು. ಕಾಕಾ ಅವರಿಗೆ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದು. ಪರೀಕ್ಷೆ ಮಾಡದೆ ರೂಢಿಯಲ್ಲಿ ಕೊಡುತ್ತಾ ಹೋಗುವುದೂ ಒಂದು ಪ್ರಯೋಗವೇ. ಲೆಕ್ಕ ಇಡುವವರು ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನೊಂದು ಉದಾಹರಣೆ. ಹಿಟ್ಟಿನಿಂದ, ಅಂದರೆ ಮೆಕ್ಕೆಜೋಳ ಅಥವಾ ಆಲೂಗಡ್ಡೆಯ ಪಿಷ್ಟದಿಂದ ಮಾಡಿದ ಒಂದು ಬಗೆಯ ದ್ರವ ಐಸಿಯುಗಳಲ್ಲಿ ವರ್ಷಗಟ್ಟಲೆ ನಡೆಯಿತು. ಸಲೈನ್‌ಗಿಂತ ದುಬಾರಿ. ರಕ್ತನಾಳದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಬಿಪಿ ಬೇಗ ಏರುತ್ತದೆ ಅಂತ ಹೊಗಳಿಕೆ. 2012ರಲ್ಲಿ ಡೆನ್ಮಾರ್ಕ್ ಮತ್ತು ಅಕ್ಕಪಕ್ಕದ ದೇಶಗಳ ಡಾಕ್ಟರುಗಳು ರಕ್ತಕ್ಕೆ ನಂಜೇರಿದ 798 ರೋಗಿಗಳಲ್ಲಿ ಇದನ್ನು ಸಾದಾ ರಿಂಗರ್ ದ್ರವದ, ಅಂದರೆ ಲವಣಗಳು ಬೆರೆತ ನೀರಿನ ಜೊತೆ ಹೋಲಿಸಿದರು. 90 ದಿನದಲ್ಲಿ ಪಿಷ್ಟದ ಗುಂಪಿನಲ್ಲಿ ನೂರಕ್ಕೆ 51 ಮಂದಿ ತೀರಿಕೊಂಡರು, ಇನ್ನೊಂದರಲ್ಲಿ 43. ಕಿಡ್ನಿ ಕೆಟ್ಟು ಡಯಾಲಿಸಿಸ್ ಬೇಕಾದವರೂ ಪಿಷ್ಟದ ಗುಂಪಿನಲ್ಲೇ ಜಾಸ್ತಿ. ಬಾಟ್ಲಿಯನ್ನು ಕಣ್ಣಿಂದ ನೋಡಿದರೆ, ಒಬ್ಬಿಬ್ಬರು ರೋಗಿಗಳನ್ನು ನೋಡಿದರೆ, ಇದು ಗೊತ್ತೇ ಆಗುತ್ತಿರಲಿಲ್ಲ.

ಹಾಗಾದರೆ ನಿಮ್ಮ ತಂದೆಯವರ ಅಧ್ಯಯನದಲ್ಲಿ ಹೋಲಿಸುತ್ತಿರುವುದೇನು? ನೀವು ಫಾರ್ಮಿನ ಪ್ರತಿ ಕಳಿಸಿಲ್ಲ, ಆದರೆ ‘ಎರಡು ಬಗೆಯ ಸಲೈನ್’ ಅಂದರೆ ಸಾಮಾನ್ಯವಾಗಿ ಹೀಗಿರುತ್ತದೆ. ಒಂದು, ಎಲ್ಲರಿಗೂ ಗೊತ್ತಿರುವ ನಾರ್ಮಲ್ ಸಲೈನ್, ಅಂದರೆ ಉಪ್ಪುನೀರು. ಇನ್ನೊಂದು ರಿಂಗರ್ ಲ್ಯಾಕ್ಟೇಟ್ ತರಹದ್ದು. ಅದರಲ್ಲಿ ಲವಣಗಳ ಪ್ರಮಾಣ ನಮ್ಮ ರಕ್ತಕ್ಕೆ ಹತ್ತಿರ. ಹೆಸರಿಗೆ ‘ನಾರ್ಮಲ್’ ಆದರೂ ನಾರ್ಮಲ್ ಸಲೈನ್‌ನಲ್ಲಿ ಕ್ಲೋರೈಡ್ ಲೀಟರಿಗೆ 154 ಮಿಲಿಮೋಲ್, ರಕ್ತದಲ್ಲಿ ಸುಮಾರು 100. ಜಾಸ್ತಿ ಕ್ಲೋರೈಡ್ ಹೋದರೆ ರಕ್ತ ಹುಳಿಯಾಗುತ್ತದೆ, ಕಿಡ್ನಿಗೆ ತೊಂದರೆ ಆಗಬಹುದು ಅನ್ನುವುದು ಅನುಮಾನ. 2018ರಲ್ಲಿ ಅಮೆರಿಕದ ಒಂದು ಆಸ್ಪತ್ರೆಯ 15,802 ರೋಗಿಗಳಲ್ಲಿ ರಿಂಗರ್ ತರಹದ ದ್ರವಕ್ಕೆ ಸಣ್ಣ ಲಾಭ ಕಂಡಿತು. 2021ರಲ್ಲಿ ಬ್ರೆಜಿಲ್‌ನಲ್ಲಿ, 2022ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಸಾವಿರಾರು ಮಂದಿಯ ಮೇಲೆ ನೋಡಿದಾಗ ಸಾವಿನ ಲೆಕ್ಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ತಲೆಗೆ ಪೆಟ್ಟಾದವರಿಗೆ ಮಾತ್ರ ನಾರ್ಮಲ್ ಸಲೈನೇ ವಾಸಿ ಅಂತ ಬ್ರೆಜಿಲ್‌ನ ಲೆಕ್ಕ ತೋರಿಸಿತು.

ಅಂದರೆ, ಎರಡೂ ಬಾಟ್ಲಿಗಳು ದಿನವೂ ಬಳಸುವಂಥವು. ಆ ರಾತ್ರಿ ನೀವು ಸಹಿ ಮಾಡದಿದ್ದರೂ ನಿಮ್ಮ ತಂದೆಗೆ ಈ ಎರಡರಲ್ಲಿ ಒಂದು ಹೋಗಿಯೇ ಹೋಗುತ್ತಿತ್ತು. ಯಾವುದು ಅನ್ನುವುದು ಡ್ಯೂಟಿ ಡಾಕ್ಟರ್ ಕಲಿತ ರೂಢಿಯ ಮೇಲೆ, ಇಲ್ಲವೇ ಸ್ಟೋರಿನಲ್ಲಿ ಯಾವ ಪೆಟ್ಟಿಗೆ ಒಡೆದಿತ್ತು ಅನ್ನುವುದರ ಮೇಲೆ ನಿಂತಿರುತ್ತಿತ್ತು. ನಿಮ್ಮ ಫಾರ್ಮಿನಲ್ಲಿ ಬೇರೆ ಏನಾದರೂ, ಉದಾಹರಣೆಗೆ ಹೊಸ ಔಷಧ, ಇದ್ದರೆ ನನ್ನ ಮಾತು ಬದಲಾಗುತ್ತದೆ. ಅದಕ್ಕೇ ಫಾರ್ಮಿನ ಪ್ರತಿ ಮುಖ್ಯ. ಅದಕ್ಕೆ ಆಮೇಲೆ ಬರುತ್ತೇನೆ.

ಕಂಪ್ಯೂಟರ್ ಚೀಟಿ ಎತ್ತುವುದೇ ಕಾಕಾ ಅವರಿಗೆ ಹೆಚ್ಚು ಕೆಟ್ಟದ್ದೆನಿಸಿದೆ. ‘ಡಾಕ್ಟರ್ ತಲಿ ಓಡಿಸ್ಬೇಕು, ಚೀಟಿ ಎತ್ತೂದೇನು’ ಅಂದರಂತೆ. ತೊಗರಿ ಬೆಳೆಯುವ ಮನೆಗೆ ಇದನ್ನು ವಿವರಿಸುವುದು ಸುಲಭ. ಟಿಎಸ್-3ಆರ್ ತಳಿ ನಮ್ಮ ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದಿಂದಲೇ ಬಂದದ್ದು, ನೆಟೆ ರೋಗ ತಡೆದುಕೊಳ್ಳುತ್ತದೆ ಅಂತ. ಅಂಥ ಹೊಸ ಬೀಜವನ್ನು ಬಾವಿ ಪಕ್ಕದ ಎರೆ ಹೊಲಕ್ಕೆ ಬಿತ್ತಿ, ಹಳೆಯ ಬೀಜವನ್ನು ಮಡ್ಡಿಗೆ ಬಿತ್ತಿದರೆ, ಬಂದ ಇಳುವರಿ ಬೀಜದ್ದಾ, ಭೂಮಿಯದ್ದಾ? ಹೇಳಲಾಗುವುದಿಲ್ಲ. ಡಾಕ್ಟರಿಗೆ ಆರಿಸಲು ಬಿಟ್ಟರೂ ಹೀಗೇ ಆಗುತ್ತದೆ. ತಿಳಿದೋ ತಿಳಿಯದೆಯೋ ಗಟ್ಟಿ ಇರುವ ರೋಗಿಗೆ ಒಂದು, ಕೈಬಿಟ್ಟ ರೋಗಿಗೆ ಇನ್ನೊಂದು ಕೊಡುತ್ತೇವೆ. ಚೀಟಿ ಎತ್ತುವ ಈ ಪದ್ಧತಿ ಹುಟ್ಟಿ ಬೆಳೆದದ್ದೇ ಹೊಲದಲ್ಲಿ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ 1920ರ ದಶಕದಲ್ಲಿ ಅದನ್ನು ರೂಪಿಸಿದರು. 1948ರಲ್ಲಿ ಬ್ರಿಟನ್ನಿನ ಡಾಕ್ಟರುಗಳು ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಫಲಿತಾಂಶ ಹೀಗೆ ಚೀಟಿ ಎತ್ತಿಯೇ ಬಂದದ್ದು.

ಕೊರೊನಾ ಕಾಲ ನೆನಪಿದೆಯಲ್ಲ? ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯದ್ದೇ, 2020ರ ಮಾರ್ಚ್‌ನಲ್ಲಿ. ಆಗ ನಮಗೆ ಏನೂ ಗೊತ್ತಿರಲಿಲ್ಲ. ಆ ವರ್ಷದ ಜೂನ್‌ನಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ಡೆಕ್ಸಾಮೆಥಾಸೋನ್ ಕೆಲಸ ಮಾಡುತ್ತದೆ ಅಂತ ಹೇಳಿತು. ಹಳ್ಳಿಯ ಔಷಧ ಅಂಗಡಿಯಲ್ಲೂ ಕೆಲವೇ ರೂಪಾಯಿಗೆ ಸಿಗುವ ಸೂಜಿ. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ನೂರಕ್ಕೆ 41ರಿಂದ 29ಕ್ಕೆ ಇಳಿಯಿತು. ಆದರೆ ಆಮ್ಲಜನಕವೇ ಬೇಡವಾಗಿದ್ದವರಿಗೆ ಅದರಿಂದ ಲಾಭ ಇರಲಿಲ್ಲ, ಕೆಡುಕಾಗುವ ಸೂಚನೆಯೂ ಇತ್ತು. ಆ ಎರಡನೇ ವಾಕ್ಯವನ್ನು ನಮ್ಮ ಕಡೆ ಬಹಳ ಜನ ಓದಲೇ ಇಲ್ಲ, ಸಣ್ಣ ಜ್ವರಕ್ಕೂ ಅದೇ ಸೂಜಿ ನಡೆಯಿತು. ಇನ್ನೊಂದು ಕಡೆ ಪ್ಲಾಸ್ಮಾ, ಅಂದರೆ ಕೊರೊನಾದಿಂದ ಗುಣವಾದವರ ರಕ್ತದಿಂದ ತೆಗೆದ ದ್ರವ. ಅದಕ್ಕಾಗಿ ಮನೆಯವರು ರಾತ್ರಿಯೆಲ್ಲ ಫೋನ್ ಮಾಡಿ, ಸಾಲ ಮಾಡಿ ಓಡಾಡಿದರು. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ನಮ್ಮ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪರೀಕ್ಷಿಸಿ, ಪ್ಲಾಸ್ಮಾದಿಂದ ರೋಗ ಬಿಗಡಾಯಿಸುವುದೂ ನಿಲ್ಲಲಿಲ್ಲ, ಸಾವೂ ತಪ್ಪಲಿಲ್ಲ ಅಂತ 2020ರ ಅಕ್ಟೋಬರ್‌ನಲ್ಲೇ ಹೇಳಿತ್ತು. ಆ 464 ಮನೆಗಳವರು ಸಹಿ ಮಾಡಿದ್ದರಿಂದ ಗೊತ್ತಾದದ್ದು ಅದು. ಆದರೂ ಚಿಕಿತ್ಸೆಯ ಮಾರ್ಗಸೂಚಿಯಿಂದ ಪ್ಲಾಸ್ಮಾ ಹೋದದ್ದು 2021ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಎರಡನೇ ಅಲೆ ಬಂದು ಬಡಿದಿತ್ತು.

ಇಷ್ಟು ಹೇಳಿದ ಮೇಲೆ, ಕಾಕಾ ಅವರ ಅನುಮಾನಕ್ಕೆ ಬುಡವೇ ಇಲ್ಲ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಬಡವರ ಸಹಿಯನ್ನು ಹಗುರವಾಗಿ ತೆಗೆದುಕೊಂಡ ಉದಾಹರಣೆಗಳು ನಮ್ಮ ನೆರೆಯಲ್ಲೇ ಇವೆ. 2009-10ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಸಾವಿರಾರು ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ ಕೊಟ್ಟ ಯೋಜನೆಯಲ್ಲಿ, ಎಷ್ಟೋ ಮಕ್ಕಳ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು. 2013ರಲ್ಲಿ ಸಂಸತ್ತಿನ ಸಮಿತಿ ಅದನ್ನು ಕಟುವಾಗಿ ಟೀಕಿಸಿತು. ಲಸಿಕೆ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಬೇರೆ ಮಾತು. ಒಪ್ಪಿಗೆ ಪಡೆದ ರೀತಿ ಸರಿ ಇರಲಿಲ್ಲ. ನಾನು ಕೆಲಸ ಮಾಡಿದ ಒಂದು ಕಡೆಯಲ್ಲೂ, ಅಡ್ಮಿಷನ್ ಕಾಗದಗಳ ಕಟ್ಟಿನ ಮಧ್ಯೆ ಅಧ್ಯಯನದ ಫಾರ್ಮು ಸೇರಿಸಿ ‘ಇಲ್ಲಿ, ಇಲ್ಲಿ, ಇಲ್ಲಿ’ ಅಂತ ಬೆರಳಿಟ್ಟು ಸಹಿ ಹಾಕಿಸುವುದನ್ನು ಕಣ್ಣಾರೆ ನೋಡಿದ್ದೇನೆ. ಜಗಳವಾಡಿದ್ದೇನೆ. ಅದು ಅಧ್ಯಯನವಲ್ಲ, ಮೋಸ.

ನಿಮ್ಮ ಸಹಿ ಎಂಥದ್ದಾಗಿತ್ತು ಅಂತ ನೀವೇ ಅಳೆದು ನೋಡಬಹುದು. ಆ ಡಾಕ್ಟರ್ ಕನ್ನಡದಲ್ಲಿ, ನಿಮಗೆ ತಿಳಿಯುವ ಹಾಗೆ ಹೇಳಿದರಾ? ಬೇಡ ಅನ್ನಬಹುದು ಅಂತಲೂ ಹೇಳಿದರಾ? ಓದಲು ಹೊತ್ತು ಕೊಟ್ಟರಾ? ಸಹಿ ಮಾಡಿದ ಮೇಲೆ ಮಾಹಿತಿ ಹಾಳೆ ಮತ್ತು ಫಾರ್ಮಿನ ಪ್ರತಿ ಕೈಗೆ ಕೊಟ್ಟರಾ? ಪ್ರತಿ ಪಡೆಯುವುದು ನಿಮ್ಮ ಹಕ್ಕು. ಕೊಟ್ಟಿಲ್ಲದಿದ್ದರೆ ನಾಳೆ ಬೆಳಗಿನ ರೌಂಡ್ಸ್ ಮುಗಿದ ಮೇಲೆ ಹೋಗಿ ಕೇಳಿ. ಅದರಲ್ಲಿ ಅಧ್ಯಯನದ ಮುಖ್ಯ ಡಾಕ್ಟರ ಹೆಸರು, ರೋಗಿಗಳಿಗೆ ಅನ್ಯಾಯವಾಗದಂತೆ ಅಧ್ಯಯನದ ಮೇಲೆ ಕಣ್ಣಿಡುವ ಎಥಿಕ್ಸ್ ಕಮಿಟಿಯವರ ಫೋನ್ ನಂಬರ್ ಇರಬೇಕು. ಆ ಕಮಿಟಿಯಲ್ಲಿ ಡಾಕ್ಟರುಗಳ ಜೊತೆ ಕಾನೂನು ಬಲ್ಲವರು, ವೈದ್ಯಕೀಯಕ್ಕೆ ಸಂಬಂಧವಿಲ್ಲದ ಸಾಮಾನ್ಯರೂ ಇರುತ್ತಾರೆ. ನೇರವಾಗಿ ಫೋನ್ ಮಾಡಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ತಿಳಿಯಬಾರದು. ‘ಸಿಟಿಆರ್‌ಐ ನಂಬರ್ ಎಷ್ಟು’ ಅಂತಲೂ ಕೇಳಿ. ನಮ್ಮ ದೇಶದಲ್ಲಿ ನಡೆಯುವ ಇಂಥ ಅಧ್ಯಯನಗಳನ್ನು ನೋಂದಾಯಿಸುವ ಸರ್ಕಾರಿ ಪಟ್ಟಿ ಅದು, ಮೊಬೈಲಿನಲ್ಲೇ ನೋಡಬಹುದು. ಏನು ಹೋಲಿಸುತ್ತಿದ್ದಾರೆ, ಎಷ್ಟು ಜನ ಸೇರುತ್ತಾರೆ ಅಂತ ಅಲ್ಲಿ ಬರೆದಿರುತ್ತದೆ. ಅಧ್ಯಯನಕ್ಕಾಗಿಯೇ ಮಾಡುವ ರಕ್ತ ಪರೀಕ್ಷೆಯನ್ನು ನಿಮ್ಮ ಬಿಲ್ಲಿಗೆ ಸೇರಿಸಬಾರದು. ಸೇರಿಸಿದ್ದರೆ ಪ್ರಶ್ನಿಸಿ.

ಈಗ ನಿಮ್ಮ ಮುಂದೆ ಏನೇನು ದಾರಿ ಇದೆ ನೋಡೋಣ. ಅಧ್ಯಯನದಲ್ಲಿ ಮುಂದುವರಿಯಬಹುದು. ಎರಡೂ ದಿನಬಳಕೆಯ ಸಲೈನ್ ಆಗಿದ್ದರೆ ಅದರಿಂದ ನಿಮ್ಮ ತಂದೆಗೆ ಹೆಚ್ಚಿನ ಅಪಾಯ ನನಗೆ ಕಾಣುವುದಿಲ್ಲ. ದೊಡ್ಡ ಲಾಭವನ್ನೂ ನಿರೀಕ್ಷಿಸಬೇಡಿ. ಲಾಭ ಆಗುವುದಿದ್ದರೆ ಅದು ಮುಂದೆ ಬರುವ ರೋಗಿಗಳಿಗೆ. ಇದನ್ನು ಮುಚ್ಚಿಟ್ಟು ‘ಸೇರಿಸಿದರೆ ನಿಮ್ಮಪ್ಪನಿಗೆ ಒಳ್ಳೆಯದಾಗುತ್ತೆ’ ಅಂತ ಯಾರಾದರೂ ಆಸೆ ತೋರಿಸಿದ್ದರೆ ಅದು ತಪ್ಪು. ಇಲ್ಲವೇ ಹೊರಗೆ ಬರಬಹುದು. ಕಾರಣ ಕೊಡಬೇಕಿಲ್ಲ. ‘ನಮ್ಮ ಮನೆಯವರಿಗೆ ಮನಸ್ಸಿಲ್ಲ’ ಅಂದರೆ ಸಾಕು. ಅದನ್ನು ಬರೆದು ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಿ. ಐಸಿಯು ಬೆಡ್, ವೆಂಟಿಲೇಟರ್, ಆಂಟಿಬಯೋಟಿಕ್ ಯಾವುದೂ ಬದಲಾಗುವಂತಿಲ್ಲ. ಮನೆಯಲ್ಲಿ ಜಗಳ ನಿಲ್ಲುತ್ತದೆ ಅಂದರೆ ಅದಕ್ಕಾಗಿಯೇ ಹೊರಗೆ ಬಂದರೂ ನಾನು ತಪ್ಪು ಅನ್ನುವುದಿಲ್ಲ. ಅಪ್ಪ ಒಳಗೆ ಮಲಗಿರುವಾಗ ಹೊರಗೆ ಬೆಂಚಿನ ಮೇಲೆ ಕಾಕಾ ಒಂದು ಕಡೆ, ನೀವು ಒಂದು ಕಡೆ ಮುಖ ತಿರುಗಿಸಿ ಕೂರುವುದು ಬೇಡ.

ಹೈದರಾಬಾದಿನ ಮಾತು ಬೇರೆ, ಅಲ್ಲಿ ನನಗೆ ಭಯವಿದೆ. ನಮ್ಮ ಜನ ಸೊಲ್ಲಾಪುರ, ಹೈದರಾಬಾದ್ ಅಂದರೆ ಕಣ್ಣು ಮುಚ್ಚಿ ಗಾಡಿ ಹತ್ತುತ್ತಾರೆ. ಹೈದರಾಬಾದ್ ಇಲ್ಲಿಂದ 200 ಕಿಲೋಮೀಟರ್ ಮೇಲಿದೆ. ಬೋರಲು ಮಲಗಿಸಬೇಕಾದಷ್ಟು ಶ್ವಾಸಕೋಶ ಕೆಟ್ಟವರನ್ನು ಅಂಗಾತ ಮಾಡಿ, ಗಾಡಿಯಲ್ಲಿ ನಾಲ್ಕೈದು ಗಂಟೆ ಕುಲುಕಿಸಿಕೊಂಡು ಹೋಗಬೇಕು. ಒಂದು ಲೆಕ್ಕ ಹೇಳುತ್ತೇನೆ. ಅಂಬುಲೆನ್ಸಿನಲ್ಲಿ ಸಾಮಾನ್ಯವಾಗಿ ಇರುವ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಆಮ್ಲಜನಕ ಇರುತ್ತದೆ. ನಿಮಿಷಕ್ಕೆ 12 ಲೀಟರ್ ಬೇಕಾದರೆ ಎರಡು ಗಂಟೆಗೆ ಖಾಲಿ. ಡ್ರೈವರ್ ‘ಎರಡು ಸಿಲಿಂಡರ್ ಅದಾವ’ ಅಂದರೆ ಸಾಕಾಗುವುದಿಲ್ಲ ಅಂತ ಈಗ ನಿಮಗೇ ಗೊತ್ತಾಯಿತು. ದಾರಿಯಲ್ಲಿ ಪೈಪು ಕಿತ್ತುಬಂದರೆ ಮತ್ತೆ ಹಾಕಬಲ್ಲ ಡಾಕ್ಟರ್ ಜೊತೆಗಿರಬೇಕು. ಇಲ್ಲಿ ಇಲ್ಲದ ಯಾವುದೋ ಒಂದು ಚಿಕಿತ್ಸೆ ಅಲ್ಲಿದೆ, ಅದು ನಿಮ್ಮ ತಂದೆಗೆ ಬೇಕೇ ಬೇಕು ಅಂತ ಇಲ್ಲಿನ ಡಾಕ್ಟರ್ ಹೇಳಿದರೆ ಒಯ್ಯಿರಿ. ಹೋಗುವ ಮೊದಲು ಇಲ್ಲಿನ ಡಾಕ್ಟರ್ ಮತ್ತು ಅಲ್ಲಿನ ಡಾಕ್ಟರ್ ಫೋನಿನಲ್ಲಿ ಮಾತಾಡಲಿ, ಬೆಡ್ ಖಾತ್ರಿಯಾಗಲಿ. ಕಡಿಮೆ ಗಾಳಿ, ಬೋರಲು ಮಲಗಿಸುವುದು, ಸರಿಯಾದ ಆಂಟಿಬಯೋಟಿಕ್, ಇವಿಷ್ಟು ಇಲ್ಲೇ ನಡೆಯುತ್ತಿದ್ದರೆ ಅಲ್ಲೂ ಮೊದಲು ಮಾಡುವುದು ಇದನ್ನೇ. ಅನುಮಾನವಿದ್ದರೆ ಇಲ್ಲೇ ಇನ್ನೊಬ್ಬ ಡಾಕ್ಟರನ್ನು ಕರೆಸಿ ತೋರಿಸಿ ಅಂತ ಕೇಳಬಹುದು.

ಪತ್ರದ ಕೊನೆಯಲ್ಲಿ ನೀವು ಸಣ್ಣ ಅಕ್ಷರದಲ್ಲಿ ಬರೆದಿದ್ದ ಒಂದು ಸಾಲನ್ನು ನಾನು ಬಿಟ್ಟಿಲ್ಲ. ‘ಸತ್ತವರನ್ನೂ ಬಿಲ್ಲಿಗಾಗಿ ಮಷಿನ್ ಮೇಲೆ ಇಡ್ತಾರಂತೆ, ನಿಜವಾ’ ಅಂತ. ವೆಂಟಿಲೇಟರ್ ಗಾಳಿ ಒತ್ತುತ್ತದೆ, ಹೃದಯವನ್ನು ಬಡಿಸುವುದಿಲ್ಲ. ಹೃದಯ ನಿಂತ ದೇಹ ಕೆಲವೇ ಗಂಟೆಗಳಲ್ಲಿ ತಣ್ಣಗಾಗಿ ಸೆಟೆದುಕೊಳ್ಳುತ್ತದೆ. ಎಷ್ಟೇ ಗಾಳಿ ಒತ್ತಿದರೂ ದಿನಗಟ್ಟಲೆ ಮುಚ್ಚಿಡಲು ಆಗುವುದಿಲ್ಲ. ನೀವು ಕೈ ಮುಟ್ಟಿದಾಗ ಬೆಚ್ಚಗಿತ್ತು ಅಂತ ನೀವೇ ಬರೆದಿದ್ದೀರಿ. ವೆಂಟಿಲೇಟರ್ ಹಾಕಿದರೆ ಮುಗಿದೇ ಹೋಯಿತು ಅನ್ನುವುದೂ ಹಾಗೆಯೇ. ಮೇಲಿನ ಲೆಕ್ಕಗಳನ್ನೇ ಇನ್ನೊಮ್ಮೆ ನೋಡಿ. ಬೋರಲು ಮಲಗಿಸಿದ ಗುಂಪಿನಲ್ಲಿ 28 ದಿನದ ನಂತರ ನೂರಕ್ಕೆ 84 ಮಂದಿ ಬದುಕಿದ್ದರು. ಅದು ಅಲ್ಲಿನ ಆಸ್ಪತ್ರೆಗಳ ಲೆಕ್ಕ, ನಿಮ್ಮ ತಂದೆಗೆ ಹೀಗೇ ಆಗುತ್ತದೆ ಅಂತ ನಾನು ಭರವಸೆ ಕೊಡಲಾರೆ.

ತಪ್ಪು ಮಾಡಿದೆನಾ ಅಂತ ಕೇಳಿದ್ದೀರಿ. ಇಲ್ಲ. ಕೇಳದೆ ಸಹಿ ಮಾಡಿದಿರಿ, ಅಷ್ಟೇ, ಅದನ್ನು ಈಗಲೂ ಕೇಳಬಹುದು. ಇನ್ನೂ ಒಂದು ವಿಷಯ ಇದೆ. ನೀವು ಮಾಡಿದ್ದು ನಿಮ್ಮ ತಂದೆಯ ಪರವಾಗಿ ಮಾಡಿದ ಸಹಿ, ಅವರಿಗೆ ಎಚ್ಚರ ಇರಲಿಲ್ಲ ಅಂತ. ಎಚ್ಚರವಾಗಿ ಮಾತು ತಿಳಿಯುವಂತಾದಾಗ ಅವರನ್ನೇ ಮತ್ತೆ ಕೇಳಬೇಕು, ಅವರು ಬೇಡ ಅಂದರೆ ಬೇಡ. ಮಂಪರು ಔಷಧ ಕಡಿಮೆ ಮಾಡುತ್ತಿದ್ದಾರೆ ಅಂತ ನೀವು ಫೋನಿನಲ್ಲಿ ಹೇಳಿದಿರಿ. ವೆಂಟಿಲೇಟರಿನಿಂದ ಎಚ್ಚರವಾಗುವವರಲ್ಲಿ ಬಹಳ ಜನಕ್ಕೆ ಒಂದೆರಡು ದಿನ ಗೊಂದಲ ಇರುತ್ತದೆ. ಎಲ್ಲಿದ್ದೇನೆ, ಹಗಲೋ ರಾತ್ರಿಯೋ ಗೊತ್ತಾಗುವುದಿಲ್ಲ, ಪೈಪು ಕೀಳಲು ನೋಡುತ್ತಾರೆ, ಅದಕ್ಕೇ ಕೆಲವೊಮ್ಮೆ ಕೈ ಕಟ್ಟಿರುತ್ತಾರೆ. ಹೆದರಬೇಡಿ. ಹತ್ತಿರ ಕೂತು ನೀವು ಯಾರು, ಇವತ್ತು ಯಾವ ವಾರ, ಹೊಲದಲ್ಲಿ ಏನಾಗಿದೆ ಅಂತ ನಿಧಾನವಾಗಿ ಹೇಳಿ. ಮನೆಯಿಂದ ಅವರ ಕನ್ನಡಕ ತರಿಸಿ ನರ್ಸಿನ ಕೈಗೆ ಕೊಟ್ಟಿಡಿ. ಆ ಫಾರ್ಮನ್ನು ಅವರೇ ಓದಬೇಕಲ್ಲ.